ಜನ ಬರುತ್ತಾರೆ, ನಿಲ್ಲುವುದಿಲ್ಲ: ಓಪನ್ ಸೋರ್ಸ್ ಪ್ರಾಜೆಕ್ಟ್‌ಗೆ ಡೆವಲಪರ್ ಡಾಕ್ಸ್ ಎಲ್ಲಿಂದ ಶುರು ಮಾಡಬೇಕು?

ಪೆರ್ಲದವ

ಎಲ್ಲರಿಗೂ ನಮಸ್ಕಾರ. ನಾವು ಮೂರು ಜನ ಗೆಳೆಯರು ಸೇರಿ ಊರ ಗ್ರಂಥಾಲಯಗಳಿಗೆ ಅಂತ ಒಂದು ಚಿಕ್ಕ ಸಾಫ್ಟ್‌ವೇರ್ ಮಾಡಿದ್ದೇವೆ. ಸ್ಟಾಕ್ ರಿಜಿಸ್ಟರ್, ಸದಸ್ಯರ ಪಟ್ಟಿ, ಯಾರು ಯಾವ ಪುಸ್ತಕ ಒಯ್ದಿದ್ದಾರೆ ಅನ್ನುವ ಲೆಕ್ಕ, ಇಷ್ಟೇ. ಬರೆದದ್ದು ಪೈಥಾನ್ ಮತ್ತು ಅದರ ವೆಬ್ ಫ್ರೇಮ್‌ವರ್ಕ್ ಜಾಂಗೋದಲ್ಲಿ, ಡೇಟಾ ಇರುವುದು ಎಸ್‌ಕ್ಯೂಲೈಟ್ ಅನ್ನುವ ಒಂದೇ ಫೈಲಿನ ಡೇಟಾಬೇಸಿನಲ್ಲಿ. ಲೈಸೆನ್ಸ್ ಜಿಪಿಎಲ್, ಅಂದರೆ ಯಾರು ಬೇಕಾದರೂ ಬಳಸಿ ಬದಲಿಸಬಹುದು. ಕಾಸರಗೋಡು ಕಡೆಯ ಗ್ರಂಥಾಲಯ ಹೇಗಿರುತ್ತದೆ ಅಂತ ಗೊತ್ತಲ್ಲ, ಒಂದೇ ಕಪಾಟಿನಲ್ಲಿ ಕನ್ನಡ, ಮಲಯಾಳಂ, ಇಂಗ್ಲಿಷ್, ನಡುವೆ ಒಂದಿಷ್ಟು ತುಳು ಪುಸ್ತಕ. ಹಾಗಾಗಿ ಕನ್ನಡ, ಮಲಯಾಳಂ ಎರಡು ಲಿಪಿಯಲ್ಲೂ ಹುಡುಕಲು ಬರಬೇಕು ಅಂತಲೇ ಇದನ್ನು ಶುರು ಮಾಡಿದ್ದು.

ಸಾಫ್ಟ್‌ವೇರ್ ಓಡುತ್ತಿದೆ. ಜನ ನಿಲ್ಲುತ್ತಿಲ್ಲ. ಇಲ್ಲಿನ ಮಕ್ಕಳಿಗೆ ಲಿನಕ್ಸ್ ಹೊಸದೇನಲ್ಲ. ಕೈಟ್‌ನವರ (ಶಾಲೆಗಳ ಕಂಪ್ಯೂಟರ್ ಶಿಕ್ಷಣ ನೋಡಿಕೊಳ್ಳುವ ಕೇರಳ ಸರ್ಕಾರದ ಸಂಸ್ಥೆ) ಉಬುಂಟು ಲಿನಕ್ಸನ್ನು ಶಾಲೆಯ ಲ್ಯಾಬಿನಲ್ಲೇ ನೋಡಿರುತ್ತಾರೆ, ಕನ್ನಡ ಮಾಧ್ಯಮದವರೂ ಹೈಸ್ಕೂಲ್ ಮುಗಿಸುವಷ್ಟರಲ್ಲಿ ಇಂಕ್‌ಸ್ಕೇಪ್, ಪೈಥಾನ್ ಸ್ವಲ್ಪ ಮುಟ್ಟಿರುತ್ತಾರೆ. ಈಗ ಕಾಲೇಜಿಗೆ ಹೋಗುವ ಅಂಥವರೇ ನಮ್ಮಲ್ಲಿಗೆ ಬರುವುದು. ಬಂದವರು ವಾಟ್ಸಾಪ್ ಗ್ರೂಪಿಗೆ ಸೇರುತ್ತಾರೆ, "ಅಣ್ಣಾ, ಇದು ರನ್ ಆಗ್ತಾ ಇಲ್ಲ" ಅಂತ ಒಂದು ಸ್ಕ್ರೀನ್‌ಶಾಟ್ ಹಾಕುತ್ತಾರೆ, ನಾನು ರಾತ್ರಿ ಕೂತು ಉತ್ತರ ಕೊಡುತ್ತೇನೆ, ಮುಂದಿನ ವಾರ ಬೇರೆಯವರು ಬಂದು ಅದೇ ಸ್ಕ್ರೀನ್‌ಶಾಟ್ ಹಾಕುತ್ತಾರೆ. ಆಮೇಲೆ ಇಬ್ಬರೂ ನಾಪತ್ತೆ.

ಇನ್ನೊಂದು ತಲೆನೋವು ಇದೆ. ಹುಡುಕುವ ಕೋಡಿನಲ್ಲಿ ಒಂದು ಸಾಲು ಇದೆ, ಹೆಸರನ್ನು ಸೇವ್ ಮಾಡುವ ಮೊದಲು ಯೂನಿಕೋಡ್ ನಾರ್ಮಲೈಸ್ ಮಾಡುತ್ತದೆ, ಅಂದರೆ ಒಂದೇ ಅಕ್ಷರ ಬೇರೆ ಬೇರೆ ರೀತಿ ಒಳಗೆ ಬಂದರೂ ಒಂದೇ ರೂಪಕ್ಕೆ ತರುತ್ತದೆ. ಮೊನ್ನೆ ಒಬ್ಬರು "ಇದು ಬೇಡದ ಸಾಲು, ತೆಗೆದರೂ ಎಲ್ಲ ಟೆಸ್ಟ್ ಪಾಸ್ ಆಗುತ್ತದೆ" ಅಂತ ಪುಲ್ ರಿಕ್ವೆಸ್ಟ್ (ಕೋಡ್ ಬದಲಿಸಿದ್ದೇನೆ, ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಹಾಕಿದರು. ನಮ್ಮಲ್ಲೇ ಒಬ್ಬ ಅದನ್ನು ಮರ್ಜ್ ಮಾಡಿ ಸೇರಿಸಿಬಿಟ್ಟ. ವಾರದೊಳಗೆ ಗ್ರಂಥಾಲಯದಿಂದ ಫೋನ್: ಪುಸ್ತಕ ಕಪಾಟಿನಲ್ಲಿದೆ, ಕಂಪ್ಯೂಟರ್ ಇಲ್ಲ ಅನ್ನುತ್ತದೆ. ಆ ಸಾಲು ಅಲ್ಲಿ ಯಾಕಿದೆ ಅಂತ ಎಲ್ಲೂ ಬರೆದಿಲ್ಲ, ಅದು ಇರುವುದು ನನ್ನ ತಲೆಯಲ್ಲಿ.

ರೆಪೊದಲ್ಲಿ, ಅಂದರೆ ಕೋಡ್ ಇಟ್ಟಿರುವ ಜಾಗದಲ್ಲಿ, ಈಗ ಒಂದು ಪುಟದ ರೀಡ್‌ಮಿ (ಪರಿಚಯದ ಫೈಲ್) ಮಾತ್ರ ಇದೆ. ಡಾಕ್ಸ್, ಅಂದರೆ ಕೋಡ್ ಮುಟ್ಟುವವರಿಗೆ ದಾರಿ ಹೇಳುವ ಬರಹ, ಅಂತ ಮೊದಲು ಏನು ಬರೆಯಲಿ? ಕನ್ನಡದಲ್ಲಿ ಬರೆಯಬೇಕಾ, ಇಂಗ್ಲಿಷಿನಲ್ಲಾ? ಅಥವಾ ಡಾಕ್ಸ್ ಬರೆಯುವುದೇ ಸುಮ್ನೆ ಟೈಮ್ ವೇಸ್ಟಾ? ಅನುಭವ ಇದ್ದವರು ಹೇಳಿ.

ಕುಂಬಳೆ ಲೈನ್

ನಮ್ಮೂರ ಕಡೆಯವರು ಅಂತ ನೋಡಿ ಖುಷಿಯಾಯಿತು ಮಾರಾಯ್ರೇ. ನಾನು ಈಗ ಬೆಂಗಳೂರಿನಲ್ಲಿ ಇರುವುದು, ಕೆಲಸ ಪೂರ್ತಿ ಓಪನ್ ಸೋರ್ಸ್ ಲೈಬ್ರರಿಗಳ ಮೇಲೆಯೇ.

ನಿಮಗೆ ಜಾಸ್ತಿ ಡಾಕ್ಸ್ ಬೇಕಿಲ್ಲ. ಬೇರೆ ಬೇರೆ ಜನರಿಗೆ ಬೇರೆ ಬೇರೆ ಡಾಕ್ಸ್ ಬೇಕು. ನೀವು ಜಾಂಗೋ ಬಳಸುತ್ತೀರಲ್ಲ, ಅವರ ಡಾಕ್ಸ್‌ನ ಮೊದಲ ಪುಟ ತೆಗೆದು ನೋಡಿ. ಟ್ಯುಟೋರಿಯಲ್, ವಿಷಯ ವಿವರಿಸುವ ಪುಟಗಳು, ರೆಫರೆನ್ಸ್, 'ಇದನ್ನು ಹೇಗೆ ಮಾಡುವುದು' ಅನ್ನುವ ಪುಟಗಳು ಅಂತ ನಾಲ್ಕು ಭಾಗ ಮಾಡಿದ್ದಾರೆ. ಡಾಕ್ಸ್ ಪರಿಣತ ದಾನಿಯೇಲೆ ಪ್ರೊಚಿದಾ ಇದೇ ವಿಂಗಡಣೆಯನ್ನು ಡಯಾಟಾಕ್ಸಿಸ್ ಅಂತ ಹೆಸರಿಟ್ಟು ಬೆಳೆಸಿದರು, ಈಗ ಎಷ್ಟೋ ಪ್ರಾಜೆಕ್ಟ್‌ಗಳು ಅದನ್ನೇ ಹಿಡಿದಿವೆ. ಕಾಲೇಜು ಹುಡುಗನಿಗೆ ಬೇಕಾದದ್ದು ಟ್ಯುಟೋರಿಯಲ್. ಆ ಸಾಲು ತೆಗೆದವರಿಗೆ ಬೇಕಾಗಿದ್ದದ್ದು ವಿವರಣೆ. ಎರಡನ್ನೂ ಒಂದೇ ರೀಡ್‌ಮಿಯಲ್ಲಿ ತುರುಕಿದರೆ ಇಬ್ಬರೂ ಓದುವುದಿಲ್ಲ.

ಮೊದಲು ಬರೆಯಬೇಕಾದದ್ದು ಸೆಟಪ್ ಪುಟ. ಆದರೆ ನೀವು ಬರೆಯಬೇಡಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಎಲ್ಲ ಮೊದಲೇ ಕೂತಿರುತ್ತದೆ, ಯಾವ ಪ್ಯಾಕೇಜ್ ಯಾವಾಗ ಹಾಕಿದ್ದು ಅಂತ ನಿಮಗೇ ನೆನಪಿರುವುದಿಲ್ಲ. ಮುಂದೆ ಬರುವ ಹೊಸಬರ ಪಕ್ಕ ಕೂತು, ಬಾಯಿ ಮುಚ್ಚಿಕೊಂಡು, ಅವರು ಎಲ್ಲೆಲ್ಲಿ ನಿಲ್ಲುತ್ತಾರೆ ಅಂತ ನೋಡಿ. ನಿಂತಲ್ಲೆಲ್ಲ ಒಂದು ಸಾಲು ಸೇರಿಸಲು ಅವರಿಗೇ ಹೇಳಿ. ಅದೇ ಅವರ ಮೊದಲ ಪುಲ್ ರಿಕ್ವೆಸ್ಟ್. ಅದನ್ನು ಅವತ್ತೇ ಮರ್ಜ್ ಮಾಡಿ. ಮತ್ತೆ ಡಾಕರ್ (ಬೇಕಾದ ಎಲ್ಲವನ್ನೂ ಇಮೇಜ್ ಅನ್ನುವ ಒಂದೇ ಕಟ್ಟಾಗಿ ಇಳಿಸಿಕೊಂಡು ಓಡಿಸುವ ಸಾಧನ) ಹಾಕಿ ಅಂತ ಒಂದೇ ಸಾಲಿನಲ್ಲಿ ಮುಗಿಸಬೇಡಿ. ಎಣ್ಮಕಜೆ, ಬಾಯಾರು ಕಡೆ ಮೊಬೈಲ್ ಹಾಟ್‌ಸ್ಪಾಟ್ ಇಟ್ಟುಕೊಂಡು, ರೇಂಜ್ ಇರುವ ಮೂಲೆ ಹುಡುಕಿ ಕೂತವರಿಗೆ ದೊಡ್ಡ ಇಮೇಜ್ ಇಳಿಸುವ ಹೊತ್ತಿಗೆ ಆಸಕ್ತಿಯೇ ಇಳಿದಿರುತ್ತದೆ. ನಿಮ್ಮದು ಎಸ್‌ಕ್ಯೂಲೈಟ್, ಡಾಕರ್ ಯಾಕೆ ಬೇಕು? ಈ ಪ್ರಾಜೆಕ್ಟ್‌ನ ಪೈಥಾನ್ ಪ್ಯಾಕೇಜ್‌ಗಳನ್ನು ಬೇರೆಯಾಗಿ ಇಡುವ ವರ್ಚುವಲ್ ಎನ್ವಿರಾನ್‌ಮೆಂಟ್ ಒಂದು ಸಾಕು.

ಎರಡನೆಯದು, ಮೊದಲ ಬದಲಾವಣೆ ಮಾಡುವುದನ್ನು ಕೈಹಿಡಿದು ತೋರಿಸುವ ಒಂದು ಪುಟ. ಜಾಂಗೋದವರು ನಿಜಕ್ಕೂ ಇಲ್ಲದ ಒಂದು ಟಿಕೆಟ್ (ಬದಲಾವಣೆಯ ಬೇಡಿಕೆ) ಸೃಷ್ಟಿಸಿಕೊಂಡು, ಟೆಸ್ಟ್ ಬರೆಯುವುದರಿಂದ ಹಿಡಿದು ಪುಲ್ ರಿಕ್ವೆಸ್ಟ್ ಕಳಿಸುವವರೆಗೆ ಪೂರ್ತಿ ದಾರಿ ತೋರಿಸುತ್ತಾರೆ. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನ ಸೋರ್ಸ್ ಒಳಗೂ ಅಂಥದ್ದೇ ಪುಟ ಇದೆ, ಅಲ್ಲಿ ತಮಾಷೆಗೆ ಒಂದು ಹೊಸ ಕಮಾಂಡ್ ಸೇರಿಸುತ್ತಾ ಇಡೀ ಪದ್ಧತಿ ಕಲಿಸುತ್ತಾರೆ, ಇಮೇಲ್‌ನಲ್ಲಿ ಪ್ಯಾಚ್ (ಬದಲಾವಣೆಯ ಫೈಲ್) ಕಳಿಸುವುದೂ ಅದರೊಳಗೇ ಬರುತ್ತದೆ. ನಿಮ್ಮಲ್ಲಿ 'ಪುಸ್ತಕಕ್ಕೆ ಕಪಾಟಿನ ನಂಬರ್ ಸೇರಿಸುವುದು' ಅಂತ ಒಂದು ಇಟ್ಟುಕೊಳ್ಳಿ. ಮಾಡೆಲ್, ಮೈಗ್ರೇಶನ್, ಫಾರ್ಮ್, ಟೆಸ್ಟ್ ಅಂತ ಜಾಂಗೋ ಕೋಡಿನ ಭಾಗಗಳೆಲ್ಲವನ್ನೂ ಒಮ್ಮೆ ಮುಟ್ಟಿದಂತಾಗುತ್ತದೆ.

ಇನ್ನು ಆ ನಾರ್ಮಲೈಸ್ ಸಾಲು. ಇದು ನಿಜವಾಗಿ ಬರೆದಿಡಬೇಕಾದ ವಿಷಯ. ಗೊತ್ತಿಲ್ಲದವರಿಗೆ ಹೇಳುತ್ತೇನೆ: 'ಲೋ' ಅಕ್ಷರದ ಓಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಇಡಬಹುದು, ಮೂರು ಚಿಹ್ನೆ ಒಂದರ ಹಿಂದೆ ಒಂದು ಸೇರಿಸಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಬೇರೆ ಬೇರೆ. ಒಂದು ಕೀಬೋರ್ಡಿನಲ್ಲಿ ಟೈಪ್ ಮಾಡಿದ ಪುಸ್ತಕ ಇನ್ನೊಂದು ಕೀಬೋರ್ಡಿನಿಂದ ಹುಡುಕಿದರೆ ಸಿಗದೇ ಇರುವುದು ಹೀಗೆ. ನಾರ್ಮಲೈಸ್ ಮಾಡಿದರೆ ಎರಡೂ ಒಂದೇ ರೂಪಕ್ಕೆ ಬರುತ್ತವೆ. ಆದರೆ 'ರಾಜ್‌ಕುಮಾರ್' ಅಂತ ಹೆಸರು ಬರೆಯುವಾಗ ಜಕಾರದ ಕೆಳಗೆ ಕಕಾರದ ಒತ್ತು ಬಾರದಂತೆ ನಡುವೆ ಕಾಣದ ಒಂದು ಜೋಡಿಸದ ಗುರುತು ಹಾಕುತ್ತೇವಲ್ಲ, ಅದು ನಾರ್ಮಲೈಸ್ ಮಾಡಿದರೂ ಹೋಗುವುದಿಲ್ಲ, ಬೇರೆಯಾಗಿ ನೋಡಿಕೊಳ್ಳಬೇಕು. ಮಲಯಾಳಂನಲ್ಲಿ ಚಿಲ್ಲಕ್ಷರದ (ಸ್ವರ ಸೇರದ ವ್ಯಂಜನಕ್ಕೆ ಬರೆಯುವ ಬೇರೆ ಅಕ್ಷರ) ಕಥೆಯೂ ಹಾಗೇ, ಹಳೆಯ ರೀತಿ ಒಂದು, ಯೂನಿಕೋಡ್ 5.1ರಲ್ಲಿ ಬಂದ ಹೊಸ ರೀತಿ ಒಂದು, ಈ ಎರಡನ್ನು ನಾರ್ಮಲೈಸ್ ಒಂದು ಮಾಡುವುದಿಲ್ಲ. ಇಷ್ಟನ್ನು ಅರ್ಧ ಪುಟ ಬರೆದು 'ಯಾಕೆ ಹೀಗೆ' ಅಂತ ಒಂದು ಫೋಲ್ಡರ್‌ನಲ್ಲಿಡಿ. ಸಾಫ್ಟ್‌ವೇರ್ ಲೇಖಕ ಮೈಕೆಲ್ ನೈಗಾರ್ಡ್ 2011ರಲ್ಲಿ ಇಂಥ ಚಿಕ್ಕ ಟಿಪ್ಪಣಿಗಳಿಗೆ ಒಂದು ನಮೂನೆ ಕೊಟ್ಟರು: ಪರಿಸ್ಥಿತಿ ಏನಿತ್ತು, ಏನು ತೀರ್ಮಾನ ಮಾಡಿದೆವು, ಅದರಿಂದ ಏನಾಗುತ್ತದೆ. ಅಷ್ಟೇ. ಜೊತೆಗೆ ಒಂದು ಟೆಸ್ಟ್ ಬರೆಯಿರಿ, ಎರಡು ರೀತಿಯ 'ಲೋ' ಇಟ್ಟು. ಸಾಲು ತೆಗೆದರೂ ಟೆಸ್ಟ್ ಪಾಸ್ ಆಯಿತು ಅಂದರೆ ತೆಗೆದವರ ತಪ್ಪು ಏನಿದೆ?

ವಾಟ್ಸಾಪ್ ಬಗ್ಗೆ: ಅಪಾಚೆ ಫೌಂಡೇಶನ್‌ನ ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳಲ್ಲಿ ಒಂದು ರೂಢಿ ಇದೆ, ಮೇಲಿಂಗ್ ಲಿಸ್ಟ್‌ನಲ್ಲಿ ನಡೆಯದಿದ್ದದ್ದು ನಡೆದೇ ಇಲ್ಲ ಅಂತ ಲೆಕ್ಕ. ನೀವು ಅಷ್ಟು ಬಿಗಿ ಮಾಡಬೇಕಿಲ್ಲ. ಆದರೆ ಗ್ರೂಪಿನಲ್ಲಿ ಕೊಟ್ಟ ಉತ್ತರ ಗ್ರೂಪಿನಲ್ಲೇ ಮುಳುಗುತ್ತದೆ, ಗೂಗಲ್‌ಗೂ ಸಿಗುವುದಿಲ್ಲ, ನಾಳೆ ಸೇರಿದವರಿಗೂ ಸಿಗುವುದಿಲ್ಲ. ಉತ್ತರವನ್ನು ಡಾಕ್ಸ್‌ನಲ್ಲಿ ಬರೆದು ಗ್ರೂಪಿಗೆ ಅದರ ಲಿಂಕ್ ಹಾಕಿ.

ಹೊಸೂರು ಹುಡುಗ

ಕುಂಬಳೆಯವರು ಚೆನ್ನಾಗಿ ಬರೆದಿದ್ದಾರೆ, ಆದರೆ ನಾನು ಒಪ್ಪುವುದಿಲ್ಲ. ಡಾಕ್ಸ್ ಓದಿ ಯಾರೂ ಬರುವುದಿಲ್ಲ ಸ್ವಾಮಿ. ಡಾಕ್ಸ್ ಚೆನ್ನಾಗಿಲ್ಲ ಅಂತ ಬಿಟ್ಟು ಹೋಗುವವರಿಗಿಂತ, ಪುಲ್ ರಿಕ್ವೆಸ್ಟ್ ಹಾಕಿ ಕಾದು ಕಾದು ಹೋಗುವವರೇ ಜಾಸ್ತಿ. ಒಂದು ದೊಡ್ಡ ಪ್ರಾಜೆಕ್ಟ್‌ಗೆ ನಾನು ಕಳಿಸಿದ್ದು ತಿಂಗಳುಗಟ್ಟಲೆ ಹಾಗೇ ಬಿದ್ದಿತ್ತು. ಒಬ್ಬರೂ 'ಬೇಡ' ಅಂತ ಕೂಡ ಹೇಳಲಿಲ್ಲ. ಕೊನೆಗೆ ಒಂದು ಬಾಟ್ ಬಂದು "ಚಟುವಟಿಕೆ ಇಲ್ಲ" ಅಂತ ಮುಚ್ಚಿತು. ಅವರ ಕಾಂಟ್ರಿಬ್ಯೂಟಿಂಗ್ ಪುಟ (ಹೇಗೆ ಕೈಜೋಡಿಸಬೇಕು ಅಂತ ಹೇಳುವ ಪುಟ) ಮಾತ್ರ ಬಹಳ ಚೆನ್ನಾಗಿತ್ತು, ಓದಲು ಅರ್ಧ ಗಂಟೆ ಬೇಕು!

ಇನ್ನೊಂದು ಎಚ್ಚರಿಕೆ. 'ಹೊಸಬರಿಗೆ ಡಾಕ್ಸ್ ಕೆಲಸ ಕೊಡಿ' ಅಂತ ಬಾಗಿಲು ತೆರೆದರೆ ಏನಾಗುತ್ತದೆ ಅಂತ ಓಪನ್ ಸೋರ್ಸ್‌ಗೆ ಜನರನ್ನು ಸೆಳೆಯಲು ನಡೆಸಿದ 2020ರ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ ನೋಡಿದ್ದೇವೆ. ನಾಲ್ಕು ಪುಲ್ ರಿಕ್ವೆಸ್ಟ್ ಹಾಕಿದರೆ ಟೀ ಶರ್ಟ್ ಅಂತ ಇತ್ತಲ್ಲ, ಜನ ಯಾವ ಯಾವುದೋ ರೆಪೊದ ರೀಡ್‌ಮಿಗೆ ಒಂದು ಪದ ಸೇರಿಸಿ ಕಳಿಸಲು ಶುರು ಮಾಡಿದರು. ಪ್ರಾಜೆಕ್ಟ್ ನೋಡಿಕೊಳ್ಳುವ ಮೇಂಟೇನರ್‌ಗಳು ಬೇಸತ್ತು ಕೂಗಾಡಿದ ಮೇಲೆ ಅದನ್ನು ನಡೆಸುತ್ತಿದ್ದ ಡಿಜಿಟಲ್ ಓಷನ್ ಕಂಪನಿಯವರು, ಬೇಕು ಅಂತ ಹೇಳಿದ ರೆಪೊಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವ ಹಾಗೆ ಅದೇ ಅಕ್ಟೋಬರಿನಲ್ಲಿ ನಿಯಮ ಬದಲಾಯಿಸಬೇಕಾಯಿತು.

ನನ್ನ ಸಲಹೆ ಸಣ್ಣದು. ನೀವು ಮೂರು ಜನ ಇದ್ದೀರಿ. ಯಾವ ಭಾಗ ಯಾರು ನೋಡುತ್ತಾರೆ ಅಂತ ಒಂದು ಫೈಲಿನಲ್ಲಿ ಬರೆಯಿರಿ. ಲಿನಕ್ಸ್ ಕರ್ನಲ್‌ನ ಮೇಂಟೇನರ್ಸ್ ಫೈಲ್ ಇದೆಯಲ್ಲ, ಅದಕ್ಕಿಂತ ಉಪಯೋಗದ ಡಾಕ್ಯುಮೆಂಟ್ ಆ ಪ್ರಾಜೆಕ್ಟ್‌ನಲ್ಲಿ ಬೇರೆ ಇಲ್ಲ ಅಂತ ನನ್ನ ಅಭಿಪ್ರಾಯ. ಯಾರಿಗೆ ಕಳಿಸಬೇಕು ಅಂತ ಹೇಳಲು ಅದರ ಮೇಲೆ ಒಂದು ಸ್ಕ್ರಿಪ್ಟೇ ಇದೆ. ಆಮೇಲೆ, ಬಂದ ಪುಲ್ ರಿಕ್ವೆಸ್ಟ್‌ಗೆ ಎಷ್ಟು ದಿನದಲ್ಲಿ ಉತ್ತರ ಕೊಡುತ್ತೀರಿ ಅಂತ ಹೇಳಿ, ಹೇಳಿದ ಹಾಗೆ ಕೊಡಿ. 'ಭಾನುವಾರ ನೋಡುತ್ತೇನೆ' ಅಂದರೂ ಸಾಕು.

ಅಕ್ಕಲಕೋಟೆ ಗ್ರಂಥಪಾಲಕಿ

ನಮಸ್ಕಾರ ರೀ. ನಾನು ಕೋಡ್ ಬರೆಯುವವಳಲ್ಲ, ಸೊಲ್ಲಾಪುರ ಜಿಲ್ಲೆಯ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ. ನಿಮ್ಮ ಮಾತುಕತೆಯಲ್ಲಿ ಲೈಬ್ರರಿಯವರೇ ಇಲ್ಲವಲ್ಲ ಅಂತ ಬರೆಯುತ್ತಿದ್ದೇನೆ. ಸಾಫ್ಟ್‌ವೇರ್ ಇರುವುದು ನಮಗಾಗಿ, ಆದರೆ 'ಕಮ್ಯುನಿಟಿ' ಅಂದ ತಕ್ಷಣ ಎಲ್ಲರಿಗೂ ಕಾಲೇಜು ಹುಡುಗರೇ ಕಾಣುತ್ತಾರೆ.

ನಾವು ಬಳಸುವುದು ಕೋಹಾ ಅನ್ನುವ ಓಪನ್ ಸೋರ್ಸ್ ಲೈಬ್ರರಿ ಸಾಫ್ಟ್‌ವೇರ್. ನ್ಯೂಜಿಲೆಂಡಿನ ಹೊರೊವೆನುವಾ ಅನ್ನುವ ಕಡೆಯ ಗ್ರಂಥಾಲಯಗಳಿಗಾಗಿ 1999ರಲ್ಲಿ ಮಾಡಿದ್ದು, 2000ದ ಜನವರಿಯಿಂದ ಬಳಕೆಗೆ ಬಂತು. ಅಲ್ಲಿ ಒಂದು ಪ್ಯಾಚ್ ಒಳಗೆ ಹೋಗಬೇಕಾದರೆ ಬರೆದವರನ್ನು ಬಿಟ್ಟು ಇನ್ನೊಬ್ಬರು ಓಡಿಸಿ ನೋಡಿ 'ಸೈನ್ ಆಫ್' ಮಾಡಬೇಕು. ಆಮೇಲೆ ಗುಣಮಟ್ಟ ಪರೀಕ್ಷಿಸುವ ಕ್ಯೂಎ ತಂಡ ನೋಡುತ್ತದೆ, ಆಮೇಲೆ ರಿಲೀಸ್ ಮ್ಯಾನೇಜರ್. ಮೊದಲು ಸೈನ್ ಆಫ್ ಮಾಡುವವರು ಡೆವಲಪರ್ ಆಗಿರಬೇಕು ಅಂತಿಲ್ಲ. ಸ್ಯಾಂಡ್‌ಬಾಕ್ಸ್ ಅಂತ ಕೊಟ್ಟಿದ್ದಾರೆ, ಬ್ರೌಸರಿನಲ್ಲೇ ಬಗ್ ನಂಬರ್ ಹಾಕಿದರೆ ಆ ಪ್ಯಾಚ್ ಹಾಕಿದ ಕೋಹಾ ನಮ್ಮ ಮುಂದೆ ತೆರೆದುಕೊಳ್ಳುತ್ತದೆ. ನಾನು ಹಾಗೆ ನೋಡಿ ಸೈನ್ ಆಫ್ ಮಾಡಿದ್ದೇನೆ. ಗಿಟ್ ಕಮಾಂಡ್ ಒಂದೂ ಬರುವುದಿಲ್ಲ ನನಗೆ.

ಇದು ನಡೆಯುವುದು ಹೇಗೆ ಅಂದರೆ, ಪ್ಯಾಚ್ ಬರೆದವರು ಟೆಸ್ಟ್ ಪ್ಲಾನ್ ಅಂತ ಜೊತೆಗೆ ಬರೆಯುತ್ತಾರೆ. ಇಂಥ ಪುಟಕ್ಕೆ ಹೋಗಿ, ಇಂಥ ಸದಸ್ಯರ ಹೆಸರಲ್ಲಿ ಪುಸ್ತಕ ಕೊಡಿ, ಪ್ಯಾಚ್ ಹಾಕುವ ಮೊದಲು ಹೀಗೆ ಕಾಣುತ್ತದೆ, ಹಾಕಿದ ಮೇಲೆ ಹೀಗೆ ಕಾಣಬೇಕು. ಕೋಡ್ ಓದಲು ಬಾರದವರಿಗೂ ಅರ್ಥವಾಗುವ ಬರಹ ಅದು. ನೋಡ್ರಿ, ನಿಮ್ಮ ನಾರ್ಮಲೈಸ್ ಬದಲಾವಣೆಗೆ ಇಂಥ ನಾಲ್ಕು ಸಾಲು ಕೇಳಿದ್ದರೆ, ಆ ಊರಿನ ಲೈಬ್ರರಿಯವರು ಮರ್ಜ್ ಆಗುವ ಮೊದಲೇ "ಪುಸ್ತಕ ಸಿಗುತ್ತಿಲ್ಲ" ಅನ್ನುತ್ತಿದ್ದರು. ಅವರ ಕೀಬೋರ್ಡ್ ಯಾವುದು ಅಂತ ನಿಮ್ಮ ಟೆಸ್ಟ್‌ಗೆ ಗೊತ್ತಿಲ್ಲ, ಅವರಿಗೆ ಗೊತ್ತು.

ಒಂದು ಪ್ರಶ್ನೆ: ಕೋಹಾ ಇರುವಾಗ ಹೊಸದು ಯಾಕೆ? ಬೈಯಲು ಕೇಳುತ್ತಿಲ್ಲ ಮತ್ತೆ.

ಪೆರ್ಲದವ

@ಅಕ್ಕಲಕೋಟೆ ಮೇಡಂ, ನ್ಯಾಯವಾದ ಪ್ರಶ್ನೆ. ಕೋಹಾ ನೋಡಿದೆವು. ಅದಕ್ಕೆ ಡೇಟಾಬೇಸ್ ಸರ್ವರ್, ಅಪಾಚೆ ವೆಬ್ ಸರ್ವರ್, ಹುಡುಕಲು ಬೇರೆ ಇಂಡೆಕ್ಸ್, ಇದನ್ನೆಲ್ಲ ನೋಡಿಕೊಳ್ಳುವ ಒಬ್ಬ ಮನುಷ್ಯ ಬೇಕು. ನಮ್ಮಲ್ಲಿ ಸಂಜೆ ಮಾತ್ರ ತೆರೆಯುವ ಗ್ರಂಥಾಲಯ, ಯಾರೋ ದಾನ ಕೊಟ್ಟ ಹಳೆಯ ಕಂಪ್ಯೂಟರ್, ಮಳೆಗಾಲದಲ್ಲಿ ಕರೆಂಟ್ ಇದ್ದರೆ ಇದೆ. ಒಂದೇ ಫೈಲ್ ಪೆನ್‌ಡ್ರೈವಿಗೆ ಹಾಕಿಕೊಂಡರೆ ಬ್ಯಾಕಪ್ ಆಯಿತು ಅನ್ನುವಂಥದ್ದು ಬೇಕಾಗಿತ್ತು. ಈ ಉತ್ತರವೂ ನಮ್ಮ ರೆಪೊದಲ್ಲಿ ಎಲ್ಲೂ ಇಲ್ಲ, ಆ 'ಯಾಕೆ ಹೀಗೆ' ಫೋಲ್ಡರ್‌ಗೆ ಇದೂ ಹೋಗಲಿ.

ಟೆಸ್ಟ್ ಪ್ಲಾನ್ ವಿಷಯ ಬಹಳ ಹಿಡಿಸಿತು. ಪುಲ್ ರಿಕ್ವೆಸ್ಟ್ ಟೆಂಪ್ಲೇಟ್‌ನಲ್ಲೇ 'ಗ್ರಂಥಾಲಯದವರು ಇದನ್ನು ಹೇಗೆ ಪರೀಕ್ಷಿಸಬೇಕು' ಅಂತ ಒಂದು ಜಾಗ ಇಡುತ್ತೇವೆ.

@ಹೊಸೂರು, ಭಾನುವಾರದ ಮಾತು ಒಪ್ಪಿದೆ. ಆದರೆ ಮೂರು ಜನರಲ್ಲಿ ಒಬ್ಬನಿಗೆ ಪರೀಕ್ಷೆ, ಇನ್ನೊಬ್ಬ ದುಬೈಗೆ ಹೋಗುವ ತಯಾರಿಯಲ್ಲಿದ್ದಾನೆ. ಅವನು ಹೋದ ಮೇಲೆ ಬ್ಯಾಕಪ್ ಭಾಗ ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೇ ಡಾಕ್ಸ್ ತಲೆಬಿಸಿ ಜಾಸ್ತಿ ಆದದ್ದು.

ಭಾಷೆಯ ವಿಷಯ ಯಾರೂ ಹೇಳಲಿಲ್ಲ?

ಆದೋನಿ ಅಕ್ಷರ

ಭಾಷೆಯ ವಿಷಯ ನಾನು ಹೇಳುತ್ತೇನೆ. ಕೆಲವು ಪ್ರಾಜೆಕ್ಟ್‌ಗಳ ಇಂಟರ್‌ಫೇಸ್ ಕನ್ನಡಕ್ಕೆ ತರುವ ಕೆಲಸ ಮಾಡುತ್ತೇನೆ. ನಮ್ಮ ಕಡೆಯೂ ಮನೆಯಲ್ಲಿ ಕನ್ನಡ, ಹೊರಗೆ ತೆಲುಗು, ಕಂಪ್ಯೂಟರಿನಲ್ಲಿ ಇಂಗ್ಲಿಷ್, ನಿಮ್ಮ ಕಷ್ಟ ಗೊತ್ತು.

ಎಲ್ಲವನ್ನೂ ಕನ್ನಡದಲ್ಲಿ ಬರೆಯಲು ಹೋಗಬೇಡಿ. ಅಭಿಮಾನಕ್ಕೆ ಶುರು ಮಾಡಿದ್ದು ಎರಡನೇ ರಿಲೀಸ್ ಬರುವಷ್ಟರಲ್ಲಿ ಹಳಸುತ್ತದೆ, ಹಳಸಿದ ಡಾಕ್ಸ್ ಇಲ್ಲದ ಡಾಕ್ಸ್‌ಗಿಂತ ಅಪಾಯ, ಯಾಕೆಂದರೆ ಓದಿದವನು ಅದನ್ನು ನಂಬುತ್ತಾನೆ. ಲಿನಕ್ಸ್ ಕರ್ನಲ್ ಡಾಕ್ಸ್‌ಗೆ ಚೈನೀಸ್, ಜಪಾನೀಸ್, ಕೊರಿಯನ್, ಇಟಾಲಿಯನ್ ಅನುವಾದಗಳಿವೆ. ಅಷ್ಟು ಜನ ಇರುವ ಅವರೇ, ಅನುವಾದ ಹಿಂದೆ ಬಿದ್ದಿರಬಹುದು, ಇಂಗ್ಲಿಷಿನದ್ದೇ ಅಧಿಕೃತ ಅಂತ ಮೊದಲೇ ಹೇಳಿಬಿಡುತ್ತಾರೆ.

ನಿಮ್ಮ ಮಟ್ಟಿಗೆ: ಗ್ರಂಥಾಲಯದವರು ಓದುವುದೆಲ್ಲ ಕನ್ನಡ ಮತ್ತು ಮಲಯಾಳಂನಲ್ಲಿ ಇರಲೇಬೇಕು. ಸೆಟಪ್ ಪುಟ ಮತ್ತು ಆ 'ಕಪಾಟಿನ ನಂಬರ್' ಪುಟ ಕನ್ನಡದಲ್ಲೂ ಇರಲಿ. ಉಳಿದದ್ದು ಇಂಗ್ಲಿಷಿನಲ್ಲಿ ಸಾಕು. ಡಾಕ್ಸ್ ಪುಟ ತಯಾರಿಸುವ ಸ್ಫಿಂಕ್ಸ್ ಬಳಸಿದರೆ ಅನುವಾದ ಗೆಟ್‌ಟೆಕ್ಸ್ಟ್ ಅನ್ನುವ ಅನುವಾದದ ಸಾಧನದ ಮೂಲಕ ಹೋಗುತ್ತದೆ, ಪ್ಯಾರಾ ಪ್ಯಾರಾ ಬೇರೆ. ಮೂಲದ ಒಂದು ಪ್ಯಾರಾ ಬದಲಾದರೆ ಅದರ ಕನ್ನಡ 'ಫಝಿ' (ಮತ್ತೆ ನೋಡಬೇಕಾದದ್ದು) ಅಂತ ಗುರುತಾಗುತ್ತದೆ, ಆ ಪ್ಯಾರಾ ಮಾತ್ರ ಇಂಗ್ಲಿಷಿನಲ್ಲಿ ಕಾಣುತ್ತದೆ. ತಪ್ಪು ಕನ್ನಡ ಓದುವುದಕ್ಕಿಂತ ಸರಿಯಾದ ಇಂಗ್ಲಿಷ್ ಓದುವುದು ಮೇಲು ಅಲ್ವಾ. ಮಾರ್ಕ್‌ಡೌನ್ ಫೈಲನ್ನು ಸುಮ್ನೆ ಕಾಪಿ ಮಾಡಿ ಕನ್ನಡ ಮಾಡಿಟ್ಟರೆ ಈ ಅನುಕೂಲ ಇಲ್ಲ.

ಇದಕ್ಕಿಂತ ಮುಖ್ಯವಾದದ್ದು ಇಶ್ಯೂಗಳು, ಅಂದರೆ ರೆಪೊದಲ್ಲಿ ಜನ ಬರೆಯುವ ದೂರು, ಪ್ರಶ್ನೆಗಳು. 'ಕನ್ನಡದಲ್ಲೋ ಮಲಯಾಳಂನಲ್ಲೋ ಬರೆಯಬಹುದು' ಅಂತ ಕಾಂಟ್ರಿಬ್ಯೂಟಿಂಗ್ ಪುಟದ ಮೊದಲ ಸಾಲಿನಲ್ಲೇ ಹಾಕಿ. ನಿಮ್ಮ ಹುಡುಗರು ವಾಟ್ಸಾಪ್‌ನಲ್ಲಿ ಕೇಳುವುದು ಅಲ್ಲಿ ಕನ್ನಡದಲ್ಲಿ ಕೇಳಬಹುದು ಅನ್ನುವ ಕಾರಣಕ್ಕೇ. ಎಲ್ಲರಿಗೂ ಕಾಣುವ ಹಾಗೆ ಕೋಡ್ ಇಡುವ ಗಿಟ್‌ಹಬ್ ಸೈಟಿನಲ್ಲಿ ಇಂಗ್ಲಿಷ್ ತಪ್ಪಾದರೆ ಜಗತ್ತೇ ನೋಡುತ್ತದೆ ಅನ್ನುವ ಅಂಜಿಕೆ ದೊಡ್ಡದು.

ಕುಂಬಳೆ ಲೈನ್

ಕೊನೆಯ ಮಾತು ನೂರಕ್ಕೆ ನೂರು ನಿಜ, ನಾನು ಅದನ್ನು ಯೋಚಿಸಿಯೇ ಇರಲಿಲ್ಲ.

ಹೊಸೂರಿನವರಿಗೆ: ಜನರನ್ನು ತರುವುದು ಡಾಕ್ಸ್ ಅಂತ ನಾನು ಹೇಳಲಿಲ್ಲ, ಬಂದವರು ಓಡಿ ಹೋಗದ ಹಾಗೆ ನೋಡಿಕೊಳ್ಳುವುದು ಡಾಕ್ಸ್. ಗಿಟ್‌ಹಬ್ 2017ರಲ್ಲಿ ಮಾಡಿದ ಓಪನ್ ಸೋರ್ಸ್ ಸರ್ವೆಯಲ್ಲಿ ಶೇ. 93 ಜನ ಅರೆಬರೆ ಅಥವಾ ಹಳೆಯ ಡಾಕ್ಸ್ ಒಂದು ಸಮಸ್ಯೆ ಅಂದರು. ಅದೇ ಸರ್ವೆಯಲ್ಲಿ ಶೇ. 60 ಕಾಂಟ್ರಿಬ್ಯೂಟರ್‌ಗಳು ತಾವು ಡಾಕ್ಸ್‌ಗೆ ಕೈ ಹಾಕುವುದು ಅಪರೂಪ ಅಥವಾ ಇಲ್ಲವೇ ಇಲ್ಲ ಅಂದರು. ಎಲ್ಲರಿಗೂ ಬೇಕು, ಬರೆಯುವವರಿಲ್ಲ. ಬರೆದವರಿಗೆ ಹೆಸರೂ ಇಲ್ಲ. ರಿಲೀಸ್ ನೋಟ್‌ನಲ್ಲಿ ಕೋಡ್ ಬರೆದವರ ಪಕ್ಕದಲ್ಲೇ ಡಾಕ್ಸ್ ಬರೆದವರು, ಪರೀಕ್ಷಿಸಿದ ಗ್ರಂಥಪಾಲಕರು, ಅನುವಾದಕರು, ಎಲ್ಲರ ಹೆಸರು ಹಾಕಿ. ದುಡ್ಡು ಖರ್ಚಿಲ್ಲ.

ಮತ್ತೆ ದುಬೈಗೆ ಹೊರಟವರನ್ನು ಡಾಕ್ಸ್ ಬರೆ ಅಂತ ಕೂರಿಸಬೇಡಿ, ವಿಮಾನ ಹತ್ತುವವರೆಗೂ ಬರೆಯುವುದಿಲ್ಲ. ಒಂದು ಗಂಟೆ ಕೂತು ನೀವು ಪ್ರಶ್ನೆ ಕೇಳಿ, ಅವರು ಬಾಯಲ್ಲಿ ಹೇಳಲಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ, ಆಮೇಲೆ ಹೊಸಬರೊಬ್ಬರು ಅದನ್ನು ಕೇಳಿ ಬರೆಯಲಿ. ಬರೆದದ್ದನ್ನು ನೋಡಿಕೊಂಡು ಇನ್ನೊಬ್ಬರು ಖಾಲಿ ಕಂಪ್ಯೂಟರಿಗೆ ಬ್ಯಾಕಪ್ ವಾಪಸ್ ತರಲು ಆಗುತ್ತದಾ ನೋಡಿ. ಆಗುತ್ತದೆ ಅಂದರೆ ಡಾಕ್ಸ್ ಸರಿ ಇದೆ, ಇಲ್ಲದಿದ್ದರೆ ಇಲ್ಲ. ಅದನ್ನು ಅವರು ಊರಲ್ಲಿರುವಾಗಲೇ ಮಾಡಿ.

ಪೆರ್ಲದವ

ಈ ಶನಿವಾರ ಅವನ ಮನೆಗೇ ಹೋಗುತ್ತೇನೆ ಹಾಗಾದರೆ. ಸೆಟಪ್ ಪುಟಕ್ಕೆ ಕಾಲೇಜಿನ ಇಬ್ಬರು ಒಪ್ಪಿದ್ದಾರೆ, ಒಬ್ಬಳು ಕನ್ನಡ ಮಾಧ್ಯಮ, ಇನ್ನೊಬ್ಬ ಮಲಯಾಳಂ. ಬೇರೆ ಬೇರೆ ಕೂರಿಸಿ ಎಲ್ಲಿ ನಿಲ್ಲುತ್ತಾರೆ ಅಂತ ನೋಡುತ್ತೇನೆ. ಬಾಯಿ ಮುಚ್ಚಿಕೊಂಡಿರುವುದೇ ಕಷ್ಟ.

ಹೊಸೂರು ಹುಡುಗ

ಆ ಇಬ್ಬರೂ ಉಬುಂಟು ಅಂತ ಕಾಣುತ್ತದೆ. ವಿಂಡೋಸ್‌ನಲ್ಲಿ ಓಡಿಸಿ ನೋಡುವವರು ಬೇಕಾದರೆ ನಾನಿದ್ದೇನೆ, ರೆಪೊ ಲಿಂಕ್ ಮೆಸೇಜ್ ಮಾಡಿ. ನಿಂತಲ್ಲೆಲ್ಲ ಇಶ್ಯೂ ಹಾಕುತ್ತೇನೆ, ಕನ್ನಡದಲ್ಲೇ. ಭಾನುವಾರ ಉತ್ತರ ಬರದಿದ್ದರೆ ಇಲ್ಲೇ ಬಂದು ಜಗಳ ಮಾಡುತ್ತೇನೆ, ಈಗಲೇ ಹೇಳಿದ್ದೇನೆ.